ಗಾಜಿನ ಮುಂದೆ ಐದು ವಾಕ್ಯ

ವೃದ್ಧಾಶ್ರಮದ ಇಸ್ತ್ರಿಕೋಣೆಯನ್ನು ತಿಂಗಳ ಕೊನೆಗೆ ಮುಚ್ಚುವುದೆಂದು ತೀರ್ಮಾನವಾಗಿತ್ತು. ಬಟ್ಟೆಗಳನ್ನೆಲ್ಲ ಇನ್ನು ಹೊರಗೆ ಕೊಡುತ್ತಾರಂತೆ. ಅಲ್ಲಿ ಹನ್ನೊಂದು ವರ್ಷ ದುಡಿದ ಇಸ್ತ್ರಿಯಮ್ಮನಿಗೆ ಉಳಿದದ್ದು ಒಂದೇ ದಾರಿ: ವಾರ್ಡಿನ ಆಯಾ ಕೆಲಸ. ಅದಕ್ಕೆ ಇಂಗ್ಲಿಷಿನಲ್ಲಿ ಪರೀಕ್ಷೆ. ವಾರ್ಡಿನ ದೊಡ್ಡ ಗಾಜಿನ ಹೊರಗೆ ನಿಂತು, ಒಳಗೆ ಯಾರು ಏನು ಮಾಡುತ್ತಿದ್ದಾರೆಂದು ಐದು ವಾಕ್ಯ ಹೇಳಬೇಕು. ಪಾಳಿ ಬದಲಾಗುವಾಗ ಆಯಾಗಳು ಡಾಕ್ಟರಿಗೆ ಫೋನಿನಲ್ಲಿ ಹೀಗೇ ವರದಿ ಒಪ್ಪಿಸುತ್ತಿದ್ದರು.

ನಾನೂ ಆ ಆಶ್ರಮದಲ್ಲಿದ್ದ ಮುದುಕಿಯರಲ್ಲಿ ಒಬ್ಬಳು. ಕಾಲೇಜಿನಲ್ಲಿ ಓದಿದ ಇಂಗ್ಲಿಷ್ ತುಕ್ಕು ಹಿಡಿಯುತ್ತಿತ್ತು, ಹೇಳಿಕೊಡಲು ಒಪ್ಪಿದೆ. ಪಾಠಕ್ಕೆ ಹೋದಾಗಲೆಲ್ಲ ಅವಳು ನನ್ನ ಕುರ್ಚಿಗೆ ಬೆಚ್ಚಗಿನ ಕಂಬಳಿ ಮಡಚಿ ಹಾಸಿರುತ್ತಿದ್ದಳು. ನನ್ನ ಸೊಂಟನೋವಿನ ಸುದ್ದಿಯನ್ನು ನಾನು ಯಾರಿಗೂ ಹೇಳಿರಲಿಲ್ಲ.

"ತಾತ ದಿನಾ ಪೇಪರ್ ಓದ್ತಾರೆ ಅನ್ನೋದಕ್ಕೆ ಈ 'ಇಂಗ್' ರೂಪ ಬೇಡ," ಎಂದೆ. "ಈಗ, ನಿನ್ನ ಕಣ್ಣೆದುರಿಗೇ ಓದ್ತಾ ಇದ್ರೆ ಈಸ್ ರೀಡಿಂಗ್."

"ಅಂದ್ರೆ ಈಗಿನದಕ್ಕೆಲ್ಲ ಕೊನೇಲಿ ಚಿಟಿಕೆ ಇಂಗು."

"ಎಲ್ಲಕ್ಕೂ ಸುರೀಬೇಡ ಕಣೇ. ಗೊತ್ತು, ಬೇಕು, ಇಷ್ಟ ಇವೆಲ್ಲ ಮನಸ್ಸಿನವು. ಅವಕ್ಕೆ ಹಾಕೋ ಹಾಗಿಲ್ಲ."

ಅವಳು ಚುರುಕು, ಬೇಗ ಹಿಡಿದಳು. ಆದರೆ ಗಾಜಿನ ಮುಂದೆ ನಿಲ್ಲಿಸಿದ ಮೊದಲ ದಿನವೇ, "ತಾತ ಈಸ್ ಓಪನಿಂಗ್ ದ ವಿಂಡೋ" ಎಂದಳು. ಒಳಗೆ ಮೊದಲ ಮಂಚದ ತಾತ ಗೊರಕೆ ಹೊಡೆಯುತ್ತಿದ್ದರು.

"ಕಣ್ಣಿಗೇನಾಗಿದೆ ನಿನಗೆ?" ಎಂದು ನಕ್ಕೆ.

ಹತ್ತು ನಿಮಿಷ ಕಳೆದಿರಬೇಕು. ತಾತ ಎದ್ದು ಹೋಗಿ ಕಿಟಕಿ ತೆರೆದರು.

ಮರುದಿನ, ಮೂರನೇ ಮಂಚದ ಅಜ್ಜಿಯ ಮಗಳು ಅಳುತ್ತಿದ್ದಾಳೆ ಎಂದಳು. ಮಗಳು ಅಲ್ಲಿರಲೇ ಇಲ್ಲ. ಅವಳ ವಾಕ್ಯ ಬರೆದುಕೊಂಡಿದ್ದ ಪುಸ್ತಕದಲ್ಲಿ ಕೆಂಪು ಗೆರೆ ಎಳೆದೆ. ಸಂಜೆ ಆ ಮಗಳು ಬಂದು, ಅಜ್ಜಿಯ ಕಾಲಬಳಿ ಕೂತು, ಮುಖ ಮುಚ್ಚಿಕೊಂಡು ಅತ್ತಳು. ನಾನು ಇಸ್ತ್ರಿಯಮ್ಮನನ್ನು ಪಕ್ಕಕ್ಕೆ ಕರೆದೆ.

"ಮುಂದೆ ಆಗೋದು ಕಾಣುತ್ತೇನೇ ನಿನಗೆ?"

"ಮುಂದೆ, ಈಗ ಅಂತ ಬೇರೆ ಬೇರೆ ಗೊತ್ತಾಗಲ್ಲ ಟೀಚರ್. ಈ ಗಾಜಿನ ಹತ್ರ ನಿಂತ್ರೆ ಎಲ್ಲಾ ಈಗಲೇ ನಡೀತಿರೋ ಹಾಗಿರುತ್ತೆ." ತಲೆ ತಗ್ಗಿಸಿದಳು. "ಇಸ್ತ್ರಿ ಮಾಡ್ವಾಗ ಈ ಪೀಡೆ ಇರಲಿಲ್ಲ."

ಹೀಗೇ ಆದರೆ ಕೆಲಸ ಕೈತಪ್ಪುವುದು ಖಂಡಿತ. ಒಂದು ಉಪಾಯ ಹೇಳಿಕೊಟ್ಟೆ. ಮೊದಲು ಗೋಡೆಯ ಗಡಿಯಾರ ನೋಡಿ ಗಂಟೆ ಎಷ್ಟೆಂದು ಬಾಯಲ್ಲಿ ಹೇಳಿಕೊಳ್ಳಬೇಕು, ಆಮೇಲೆ ಜನರನ್ನು ನೋಡಬೇಕು. ಮೂರು ದಿನ ಒಂದೂ ತಪ್ಪಲಿಲ್ಲ.

ಪರೀಕ್ಷೆಯ ದಿನ ಅವಳಿಗೆ ಧೈರ್ಯವಿರಲೆಂದು ನಾನು ವಾರ್ಡಿನೊಳಗೆ, ಅವಳಿಗೆ ಎದುರಾಗಿ ಕೂತೆ. ಬಾಗಿಲು ತೆರೆದಿತ್ತು, ಮಾತು ಕೇಳಿಸುತ್ತಿತ್ತು. ನಾಲ್ಕು ವಾಕ್ಯ ಸರಿಯಾಗಿ ಬಂದವು. ಐದನೆಯದಕ್ಕೆ, ಅವಳ ಪಕ್ಕ ನಿಂತು ಪರೀಕ್ಷೆ ಮಾಡುತ್ತಿದ್ದ ಮೇಟ್ರನ್ ನನ್ನತ್ತ ಪೆನ್ಸಿಲು ತೋರಿಸಿದರು.

ಅವಳು ಗಡಿಯಾರ ನೋಡಿದಳು. ತುಟಿ ಅಲುಗಿತು. ಆಮೇಲೆ ನನ್ನ ಕಡೆ ನೋಡಿದಳು. ಆ ನೋಟ ನನ್ನ ಮುಖದ ಮೇಲೆ ನಿಲ್ಲಲಿಲ್ಲ. ನನ್ನನ್ನು ಹಾಯ್ದು ಕುರ್ಚಿಯ ಬೆನ್ನಿನ ಮೇಲೆ ನಿಂತಿತು.

"ದೇ ಆರ್ ವೈಪಿಂಗ್ ದ ಚೇರ್," ಎಂದಳು ಮೆಲ್ಲಗೆ. "ದೇ ಆರ್ ಫೋಲ್ಡಿಂಗ್ ಹರ್ ಶಾಲ್."

ಶಾಲು ನನ್ನ ಹೆಗಲ ಮೇಲೇ ಇತ್ತು. ಆಶ್ರಮದಲ್ಲಿ ಯಾರಾದರೂ ತೀರಿಕೊಂಡಾಗ ಆಯಾಗಳು ಮೊದಲು ಮಾಡುವ ಕೆಲಸ ಅವೆರಡೇ.

"ಯಾರಮ್ಮಾ ಒರೆಸ್ತಿದಾರೆ?" ಮೇಟ್ರನ್ ದನಿಯಲ್ಲಿ ಬೇಸರವಿತ್ತು. "ಟೀಚರ್ ಕೂತಿರೋದು ಕಾಣಲ್ವಾ? ಇನ್ನೊಂದೇ ಸಲ. ತಪ್ಪಿದ್ರೆ ನಾನೇನೂ ಮಾಡಕ್ಕಾಗಲ್ಲ."

ಇಸ್ತ್ರಿಯಮ್ಮ ಕಣ್ಣು ಒರೆಸಿಕೊಂಡಳು. ಗಾಜಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿಯೇ ಹೇಳಿದಳು: "ಟೀಚರ್ ಈಸ್ ಸಿಟಿಂಗ್. ಶಿ ಈಸ್ ಸ್ಮೈಲಿಂಗ್."

ನಾನು ನಗುತ್ತಿರಲಿಲ್ಲ. ಮೇಟ್ರನ್ ನನ್ನತ್ತ ತಿರುಗುವಷ್ಟರಲ್ಲಿ ನಕ್ಕೆ.

ಅವರು ಸರಿ ಗುರುತು ಹಾಕಿದರು. "ಸೋಮವಾರದಿಂದ ಬಾ."

ಅವಳು ಒಳಗೆ ಓಡಿ ಬಂದಳು.

"ಕೆಲಸ ಸಿಕ್ತಲ್ಲೇ," ಎಂದೆ. "ಹೋಗು, ಮನೇಲಿ ಹೇಳು."

"ಹೇಳೋಣ ಟೀಚರ್, ಏನವಸರ," ಎಂದು ಅವಳು ನನ್ನ ಪಕ್ಕದಲ್ಲಿ ನೆಲದ ಮೇಲೆ, ಗಾಜಿಗೆ ಬೆನ್ನು ಮಾಡಿ ಕೂತಳು. ನನ್ನ ಕೈ ಹಿಡಿದುಕೊಂಡಳು. ಇಸ್ತ್ರಿ ಹಿಡಿದು ಹಿಡಿದು ಗಟ್ಟಿಯಾದ ಅಂಗೈ, ಬೆಚ್ಚಗಿತ್ತು. ಅವಳು ಬಿಡಲಿಲ್ಲ, ನಾನೂ ಎಳೆದುಕೊಳ್ಳಲಿಲ್ಲ.