ಎಡಗಿವಿಯ ಎತ್ತರ

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಹೇಳುವುದುಂಟು. ಕನ್ನಡಕದ ಅಂಗಡಿಯ ಯಜಮಾನನಿಗೆ ಆದದ್ದು ಅದಕ್ಕಿಂತ ಕಡೆ. ತುತ್ತು ತಾನಾಗಿಯೇ ಅವನ ಅಂಗಡಿಯನ್ನು ಹುಡುಕಿಕೊಂಡು ಬಂದು, ಅವನ ಸ್ಟೂಲಿನ ಮೇಲೆ ಕುಳಿತು, ಅವನ ಲೋಟದಲ್ಲಿ ನೀರು ಕುಡಿದು, ಎದ್ದು ಹೋಗಿತ್ತು. ಅದೇ ಹೊತ್ತಿನಲ್ಲಿ ಅವನು ಅದೇ ತುತ್ತಿಗಾಗಿ ಊರಿನ ಆ ತುದಿಯಲ್ಲಿ, ಸಭಾಂಗಣದ ಮುಂದೆ ಟಿಕೆಟ್ಟಿನ ಸಾಲಿನಲ್ಲಿ ಬೆಳಗಿನಿಂದ ನಿಂತಿದ್ದ.

ಮೀಸೆ ಮೂಡುವ ಮೊದಲು ಅವನು ರೇಡಿಯೋದಲ್ಲಿ ಆ ಕಂಠವನ್ನು ಕೇಳಿದ್ದ. ಅಂದಿನಿಂದ ಅವನ ಬಾಯಲ್ಲಿ ಬೇರೆಯವರ ಹಾಡು ನಿಂತದ್ದಿಲ್ಲ. ಗಾಜು ತಿಕ್ಕುವಾಗಲೂ ಅದೇ, ಸ್ಕ್ರೂ ಬಿಗಿಸುವಾಗಲೂ ಅದೇ. ಪಕ್ಕದ ದರ್ಜಿ ಅವನಿಗೆ ‘ಗ್ರಾಮಫೋನು’ ಎಂದು ಹೆಸರಿಟ್ಟಿದ್ದ. ಆದರೆ ಆ ಗಾಯಕರನ್ನು ಕಣ್ಣಾರೆ ಕಂಡದ್ದು ಮಾತ್ರ ಇಲ್ಲ. ಒಮ್ಮೆ ಅವರ ಹಾಡಿನ ಕಛೇರಿ ಎಲ್ಲಿಯೋ ಇದ್ದಾಗ ಅಪ್ಪನಿಗೆ ಕಾಯಿಲೆ. ಮತ್ತೊಮ್ಮೆ ಮಗಳು ಹುಟ್ಟಿದಳು. ಮಗದೊಮ್ಮೆ ಅಂಗಡಿಯ ಸೂರು ಕುಸಿಯಿತು. ಅವನ ಆಸೆ ದೊಡ್ಡದಲ್ಲ. ಒಂದು ಸಲವಾದರೂ ಅವರ ದೃಷ್ಟಿ ತನ್ನ ಮೇಲೆ ನಿಲ್ಲಬೇಕು. ಇಂಥವನೊಬ್ಬ ಇದ್ದಾನೆ ಎಂದು ಅವರಿಗೆ ತಿಳಿಯಬೇಕು. ಅಷ್ಟೇ.

ಎರಡು ಟಿಕೆಟುಗಳನ್ನು ಒಳಜೇಬಿನಲ್ಲಿಟ್ಟುಕೊಂಡು ಅವನು ಅಂಗಡಿಯ ಮೆಟ್ಟಿಲು ಹತ್ತುವಾಗ ದರ್ಜಿ ಕತ್ತರಿ ಹಿಡಿದೇ ಹೊರಗೆ ಓಡಿಬಂದ.

“ಏ ಗ್ರಾಮಫೋನು! ಎಲ್ಲಿ ಹಾಳಾಗಿ ಹೋಗಿದ್ದೆಯೋ? ನಿನ್ನ ದೇವರು ನಿನ್ನ ಅಂಗಡೀಲೇ ಕೂತಿದ್ರಲ್ಲೋ!”

“ಯಾವ ದೇವರು?”

“ಹಾಡೋ ದೇವರು! ನಾನು ನೋಡೋ ಹೊತ್ತಿಗೆ ಕಾರು ಹತ್ತುತ್ತಾ ಇದ್ರು. ನಿನ್ನ ಹೆಂಡ್ತಿ ಬಾಗಿಲ ತನಕ ಬಂದು ಕಳಿಸಿಕೊಟ್ಟಳು.”

ಒಳಗೆ ಹೆಂಡತಿ ಗಾಜಿನ ಕಪಾಟನ್ನು ಒರೆಸುತ್ತಿದ್ದಳು.

“ಯಾರೇ ಬಂದಿದ್ದು?”

“ಯಾರೋ ವಯಸ್ಸಾದೋರು ರೀ. ಕನ್ನಡಕ ಕಿವಿ ಒತ್ತುತ್ತೆ, ನೋಯುತ್ತೆ ಅಂದ್ರು. ಕಡ್ಡಿ ಸಡಿಲ ಮಾಡಿ ಕೊಟ್ಟೆ.”

“ಯಾರೋ ಅಲ್ಲ ಕಣೇ!” ಎಂದು ಅವನು ಗೋಡೆಯ ಕಡೆಗೆ ಕೈ ತೋರಿಸಿದ. ಅಲ್ಲಿ, ಸ್ಟೂಲಿನ ನೇರಕ್ಕೆ ಮೇಲೆ, ಚೌಕಟ್ಟಿನೊಳಗೆ ಗಾಯಕರ ಚಿತ್ರವಿತ್ತು.

ಅವಳು ಚಿತ್ರವನ್ನು ದಿಟ್ಟಿಸಿದಳು. “ಇವರಾ? ಇವರಿಗೆ ಇಷ್ಟೊಂದು ಕೂದಲಿದೆ!”

“ಅದು ಯಾವ ಕಾಲದ ಫೋಟೋ!”

“ಅದಕ್ಕೇ ಮತ್ತೆ. ಅವರೇ ನೋಡಿ, ‘ಇದು ಯಾರಮ್ಮಾ’ ಅಂತ ಕೇಳಿದ್ರು.”

“ನೀನೇನಂದೆ?”

“ಇರೋದನ್ನ ಅಂದೆ. ನಮ್ಮ ಯಜಮಾನರಿಗೆ ಇವರ ಹುಚ್ಚು, ಹಾಡೋದೇನೋ ಚೆನ್ನಾಗೇ ಹಾಡ್ತಾರೆ, ಆದ್ರೆ ಸ್ವಲ್ಪ ಅಳುಮೂತಿ, ಅಂದೆ.”

ಅವನು ಸ್ಟೂಲಿನ ಮೇಲೆ ಕುಸಿದು ಕುಳಿತ. ಅಲ್ಲಿ ಯಾರು ಕುಳಿತಿದ್ದರೆಂಬುದು ನೆನಪಾಗಿ ಕೆಂಡ ಮುಟ್ಟಿದವನಂತೆ ಎದ್ದ.

“ಏನೂ ಬೇಜಾರು ಮಾಡ್ಕೊಳ್ಳಲಿಲ್ಲ ರೀ. ನಕ್ಕು ನಕ್ಕು ಕೆಮ್ಮು ಬಂತು ಅವರಿಗೆ. ಅದಕ್ಕೇ ನೀರು ಕೊಟ್ಟಿದ್ದು. ಪಾಪ, ಅವರ ಎಡಗಿವಿ ಬಲಗಿವಿಗಿಂತ ಒಂದಿಷ್ಟು ಮೇಲಿದೆ. ಅದಕ್ಕೇ ಒತ್ತುತ್ತಾ ಇತ್ತು. ಹಿಂದುಗಡೆ ಕೆಂಪಗೆ ಗಾಯವಾಗಿಬಿಟ್ಟಿತ್ತು.”

ನೀರಿನ ಲೋಟವನ್ನು ಅವನು ಸಹಿಸಿದ್ದ. ನಗುವನ್ನೂ ಹೇಗೋ ನುಂಗಿಕೊಂಡಿದ್ದ. ಕಿವಿಯ ಮಾತು ಮಾತ್ರ ಎದೆಗೆ ನಾಟಿತು. ಗಾಯಕರ ತಂದೆಯ ಕಸುಬು ಅವನಿಗೆ ಗೊತ್ತಿತ್ತು. ಯಾವ ಹಾಡನ್ನು ನೆಗಡಿಯಲ್ಲಿ ಹಾಡಿದ್ದರು, ಯಾವ ಹಾಡಿನ ಕೊನೆಯಲ್ಲಿ ಪಿಟೀಲಿನವನು ಅವಸರ ಮಾಡಿದ್ದ, ಎಲ್ಲವೂ ಗೊತ್ತಿತ್ತು. ಕಿವಿ ಗೊತ್ತಿರಲಿಲ್ಲ.

ಅಂಗಡಿಯ ಮೇಲೆಯೇ ಮನೆ. ಅವನು ಮೇಲೆ ಹೋಗಿ ಹಾಡಿನ ತಟ್ಟೆಗಳ ಲಕೋಟೆಗಳನ್ನೆಲ್ಲ ನೆಲದ ಮೇಲೆ ಹರಡಿದ. ಒಂದರಲ್ಲಿ ಕೂದಲು ಕಿವಿಯನ್ನು ಮುಚ್ಚಿತ್ತು. ಮತ್ತೊಂದರಲ್ಲಿ ಟೋಪಿ. ಉಳಿದವುಗಳಲ್ಲಿ ಮುಖದ ಬಲಭಾಗ ಮಾತ್ರ ಕಾಣುತ್ತಿತ್ತು. ಬಾಳೆಲ್ಲ ಕೂಡಿಸುತ್ತ ಬಂದ ಲೆಕ್ಕದಲ್ಲಿ ಒಂದು ಅಂಕಿಯೇ ಬಿಟ್ಟುಹೋಗಿತ್ತು. ಅದನ್ನು ಅವಳು ಹೆಬ್ಬೆರಳಿನಿಂದ ಮುಟ್ಟಿ ತಿಳಿದುಕೊಂಡಿದ್ದಳು. ಕಡ್ಡಿ ಬಗ್ಗಿಸುವುದನ್ನು ಅವಳಿಗೆ ಕಲಿಸಿದವನು ಇವನೇ. ಗುರುವಿಗೆ ತಿರುಮಂತ್ರವೆಂದರೆ ಇದು.

“ರೀ, ಊಟಕ್ಕೆ ಬನ್ನಿ,” ಎಂದು ಅವಳು ಕರೆದಳು.

“ನಂಗೆ ಹಸಿವಿಲ್ಲ. ಅವರನ್ನೇ ಕರಿ.”

ಮಧ್ಯಾಹ್ನದ ಕಛೇರಿಗೆ ಇಬ್ಬರೂ ಹೋದರು. ಅವನು ಕೋಟು ತೊಟ್ಟಿದ್ದ. ಸಾಲಿನಲ್ಲಿ ಮೊದಲಿಗನಾಗಿ ನಿಂತದ್ದಕ್ಕೆ ವೇದಿಕೆಯ ಹತ್ತಿರದಲ್ಲಿಯೇ ಕುರ್ಚಿ ದೊರೆತಿತ್ತು. ಪರದೆ ಸರಿಯಿತು; ಗಾಯಕರು ಬಂದರು. ಅವನು ಎಣಿಸಿದ್ದಕ್ಕಿಂತ ಕುಳ್ಳು, ಎಣಿಸಿದ್ದಕ್ಕಿಂತ ಮುದಿ. ಆದರೂ ಅವನು ಕೋಟಿನ ಗುಂಡಿ ಹಾಕಿಕೊಂಡ. ಅವರು ಹಾಡಿನ ಹಾಳೆಗಳನ್ನು ಮುಂದಿನ ಸ್ಟ್ಯಾಂಡಿನ ಮೇಲೆ ಹೊಂದಿಸಿಕೊಂಡು, ಕನ್ನಡಕ ಏರಿಸಿ, ಸಭೆಯ ಮೇಲೆ ಕಣ್ಣಾಡಿಸಿದರು. ಆ ದೃಷ್ಟಿ ಅವನಿದ್ದ ಸಾಲಿಗೆ ಬಂದಿತು. ನಿಂತಿತು. ಅವನು ಅರ್ಧ ಎದ್ದು ತಲೆ ಬಾಗಿಸಿದ.

ಗಾಯಕರು ಎಡಗಡೆಯ ಕಡ್ಡಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿ, ಅವನ ಪಕ್ಕದ ಕುರ್ಚಿಯ ಕಡೆಗೆ ಮುಗುಳ್ನಕ್ಕರು. ಬೇಕೆಂದೇ ಮುಖವನ್ನು ಅಳುಮೂತಿ ಮಾಡಿ ಇನ್ನೊಮ್ಮೆ ನಕ್ಕರು. ಹೆಂಡತಿಯೂ ನಕ್ಕಳು. ಎದ್ದವನು ಯಾರಿಗೂ ಕಾಣದಂತೆ ಕುಳಿತುಕೊಂಡ.

ಹಿಂದಿನ ಸಾಲಿನ ಹೆಂಗಸು ಬಗ್ಗಿ ಕೇಳಿದಳು: “ನಿಮಗೆ ಪರಿಚಯಾನಾ?”

“ಅಂಗಡಿಗೆ ಬರ್ತಾರೆ,” ಎಂದಳು ಹೆಂಡತಿ.

“ಬರ್ತಾರಂತೆ!” ಎಂದು ಅವನು ಹಲ್ಲು ಕಡಿದ. “ದಿನಾ ಬರ್ತಾರೆ, ಪಾಪ! ಬೇರೆ ಕೆಲಸ ಇಲ್ಲ ಅವರಿಗೆ!”

“ಶ್ಶ್,” ಎಂದಳು ಅವಳು. “ಶುರುವಾಯ್ತು.”

ಶುರುವಾದದ್ದು ನಿಜ. ಆದರೆ ಹೊಟ್ಟೆ ಉರಿಯುವವನಿಗೆ ಕಿವಿ ಕೇಳಿಸುವುದಿಲ್ಲ. ಯಾವ ಕಂಠಕ್ಕಾಗಿ ಅವನು ಇಷ್ಟು ಕಾಲ ಕಾದಿದ್ದನೋ ಅದು ಅವನೆದುರಿಗೇ ಏರುತ್ತಿತ್ತು, ಇಳಿಯುತ್ತಿತ್ತು. ಅವನು ನೋಡುತ್ತಿದ್ದುದು ಕನ್ನಡಕವನ್ನು. ತಗ್ಗಿನ ಸ್ವರಕ್ಕೆ ಗಾಯಕರು ತಲೆ ಬಾಗಿಸಿದಾಗಲೆಲ್ಲ ಅದು ಮೂಗಿನ ಮೇಲೆ ಜಾರುತ್ತಿತ್ತು. ಅವರು ಬೆರಳಿನಿಂದ ಮೇಲಕ್ಕೆ ತಳ್ಳುತ್ತಿದ್ದರು. ಮತ್ತೆ ಜಾರುತ್ತಿತ್ತು. ಅಂದಿನ ದಿನದಲ್ಲಿ ಅವನಿಗೆ ಮೊದಲ ಸಲ ಸಂತೋಷವಾಯಿತು.

“ಬಾಗು ಕಡಿಮೆಯಾಯ್ತು,” ಎಂದು ಪಿಸುಗುಟ್ಟಿದ. “ಕಿವಿ ಹಿಂದೆ ಹಿಡೀತಾನೇ ಇಲ್ಲ.”

“ಗಾಯ ಇತ್ತು ರೀ. ಸಡಿಲ ಬಿಟ್ಟೆ.”

“ಕನಿಕರ ತೋರಿಸೋಕೆ ಹೋಗಿ ಕೆಲಸ ಕೆಡಿಸಿದೆ.”

ಕೊನೆಗೆ ಬಾಗಿಲ ಹಾಡು ಬಂದಿತು. ‘ಹೋಗುವವರೆಲ್ಲ ಹೋದ ಮೇಲೆ ಬಾಗಿಲೊಂದೇ ಉಳಿಯಿತು’ ಎಂಬ ಪಲ್ಲವಿಗೆ ಸಭೆಯೆಲ್ಲ ದನಿಗೂಡಿಸಿತು. ಪಲ್ಲವಿ ಯಾರಿಗೆ ಗೊತ್ತಿಲ್ಲ? ಎರಡನೆಯ ಚರಣವಿದ್ದದ್ದು ಅತಿ ಹಳೆಯ ತಟ್ಟೆಯೊಂದರಲ್ಲಿ ಮಾತ್ರ. ಆಮೇಲೆ ಗಾಯಕರು ಅದನ್ನು ಹಾಡಿಯೇ ಇರಲಿಲ್ಲ. ಅಂದು ಯಾವ ಹುಮ್ಮಸ್ಸಿಗೋ ಎತ್ತಿಕೊಂಡರು.

“ಯಾರು ಬರಬೇಕೆಂದು ಗಾಳಿ ಬಂದು ಕೇಳಿತು…”

ಸ್ವರ ತಗ್ಗಿತು, ತಲೆ ಬಾಗಿತು, ಕನ್ನಡಕ ಕಳಚಿ ಸ್ಟ್ಯಾಂಡಿಗೆ ಬಡಿದು ಕೆಳಗೆ ಬಿದ್ದಿತು. ಒಂದು ಗಾಜು ಹೊರಗೆ ಹಾರಿ ತಬಲದವನ ಮಂಡಿಯ ಬಳಿಗೆ ಉರುಳಿತು. ಗಾಯಕರು ಹಾಳೆಯ ಮೇಲೆ ಬಗ್ಗಿ ನೋಡಿದರು. ಕಾಣಲಿಲ್ಲ. ವಾದ್ಯದವರು ಅದೇ ಸಾಲನ್ನು ತಿರುಗಿಸಿ ತಿರುಗಿಸಿ ನುಡಿಸತೊಡಗಿದರು. ಮುದುಕರು ಸಭೆಯ ಕಡೆಗೆ ತಿರುಗಿ, ಸೋತ ನಗೆ ನಕ್ಕು, ಕೈ ಚಾಚಿದರು. ಯಾರಿಗಾದರೂ ಗೊತ್ತಿದ್ದರೆ ಹೇಳಿ, ಎಂಬಂತೆ.

ಅವನಿಗೆ ಗೊತ್ತಿತ್ತು. ಆ ಸಭೆಯಲ್ಲಿ ಗೊತ್ತಿದ್ದವನು ತಾನೊಬ್ಬನೇ ಎಂಬುದೂ ಗೊತ್ತಿತ್ತು. ಸಾಲು ನಾಲಿಗೆಯ ತುದಿಯಲ್ಲಿ ನಿಂತಿತ್ತು. ಇಂಥ ಒಂದು ಗಳಿಗೆಯನ್ನು ಅವನು ಹರೆಯದಿಂದಲೂ ಕನಸು ಕಂಡಿದ್ದ. ಆದರೆ ಹೊಟ್ಟೆಯೊಳಗಿನ ಬೆಂಕಿ ಬೇರೆ ಮಾತು ಹೇಳಿತು: ನೀರು ಕೊಟ್ಟವಳಿದ್ದಾಳಲ್ಲ, ನಕ್ಕು ಮಾತಾಡಿಸಿದವಳಿದ್ದಾಳಲ್ಲ, ಈಗ ಅವಳೇ ಕಾಪಾಡಲಿ. ಅವನು ತುಟಿ ಬಿಗಿದ.

ಆಗ ಪಕ್ಕದಿಂದ ಒಂದು ಸಣ್ಣ ದನಿ ಎದ್ದಿತು. ಶ್ರುತಿ ಅಷ್ಟಾಗಿ ಸೇರಲಿಲ್ಲ. ಮಾತು ಮಾತ್ರ ಅಕ್ಷರ ತಪ್ಪದೆ ಬಂದಿತು.

“ಕೇಳಿದ ಗಾಳಿಯನ್ನೇ ನಾನು ಒಳಗೆ ಕರೆದೆನು…”

ಗಾಯಕರು ಅವಳ ಬಾಯಿಂದ ಆ ಸಾಲನ್ನು ಎತ್ತಿಕೊಂಡು ಹಾಡಿದರು. ಮುಂದಿನ ಸಾಲಿಗೆ ಮತ್ತೆ ಅವಳನ್ನೇ ನೋಡಿದರು, ಅವಳು ಹೇಳಿದಳು, ಅವರು ಹಾಡಿದರು. ಹೀಗೆಯೇ ಚರಣ ಮುಗಿಯಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕುಳಿತೇ ಇದ್ದವನು ಅವನೊಬ್ಬ.

ಹೊತ್ತು ಮುಳುಗುವ ಮೊದಲೇ ಅವರು ನಡೆದು ಮನೆಗೆ ಹೊರಟರು.

“ಯಾವಾಗ ಕಲಿತೆ?” ಎಂದು ಅವನು ಅರ್ಧ ದಾರಿಯಲ್ಲಿ ಕೇಳಿದ.

“ಕಲಿಯೋದೇನು ಬಂತು? ಇಷ್ಟು ವರ್ಷ ಒಂದೇ ಸೂರಿನ ಕೆಳಗೆ ಕೇಳ್ತಾ ಇದ್ರೆ ಗೋಡೆಗೂ ಬರುತ್ತೆ.”

“ಗೋಡೆ ಹಾಡಲ್ಲವಲ್ಲ. ನನ್ನೆದುರಿಗೆ ಒಂದು ದಿನಾನೂ ಬಾಯಿ ಬಿಟ್ಟವಳಲ್ಲ, ಅಲ್ಲಿ ಅಷ್ಟು ಜನರ ಮುಂದೆ…”

ಅವಳು ನಿಂತಳು. “ಬಿಟ್ಟಿದ್ದೆ. ಮದುವೆಯಾದ ಹೊಸದ್ರಲ್ಲಿ. ನೀವು ಇದೇ ತಟ್ಟೆ ಹಾಕಿದ್ರಿ. ನಾನು ಒಲೆ ಮುಂದೆ ನಿಂತು ಇದೇ ಸಾಲು ಹಾಡ್ದೆ. ನೀವು ಒಳಗೆ ಬಂದು, ಹೀಗೆ ಬೆರಳೆತ್ತಿ, ‘ಶ್ಶ್, ಅವರು ಹಾಡ್ತಾ ಇದ್ದಾರೆ’ ಅಂದ್ರಿ.”

“ನಾನಾ?”

“ಅಲ್ಲ, ಪಕ್ಕದ ದರ್ಜಿ.”

ಅವಳು ಮುಂದೆ ನಡೆದಳು. ಅವನಿಗೆ ಅದು ನೆನಪಿಗೆ ಬರಲಿಲ್ಲ. ಆದರೆ ಆ ಬೆರಳು ತನ್ನದೇ ಎಂಬುದರಲ್ಲಿ ಸಂಶಯವಿರಲಿಲ್ಲ. ಗಿರಾಕಿಗಳಿಗೂ ಅವನು ಹಾಗೆಯೇ ಎತ್ತುತ್ತಿದ್ದ.

ಆ ರಾತ್ರಿ ಅವನು ತನ್ನ ಹೊಟ್ಟೆಕಿಚ್ಚನ್ನು ಹೊಸದಾಗಿ ಅಳೆದು ನೋಡಿದ. ಬೆಳಗಿನಿಂದ ಅದು ಹೆಂಡತಿಯ ಮೇಲಿತ್ತು. ಈಗ ಹುಡುಕಿದರೆ ಅಲ್ಲಿರಲಿಲ್ಲ; ಆದರೆ ಆರಿಯೂ ಇರಲಿಲ್ಲ. ಇಷ್ಟು ಕಾಲ ತನ್ನ ಮನೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದ ದನಿಯನ್ನು ಆ ಮನುಷ್ಯ ಬಂದ ದಿನವೇ, ಒಂದು ಕೈ ಚಾಚಿ, ಕೇಳಿ ಪಡೆದುಕೊಂಡಿದ್ದ. ಆರಾಧಿಸಿದವರ ಮೇಲೆ ಸಿಟ್ಟು ಬಂದದ್ದು ಅವನ ಬಾಳಿನಲ್ಲಿ ಅದೇ ಮೊದಲು.

ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಹೊತ್ತಿಗೆ ಕಾರು ಬಂದು ನಿಂತಿತು. ಗಾಯಕರು ಕರವಸ್ತ್ರದಲ್ಲಿ ಕನ್ನಡಕವನ್ನೂ ಗಾಜನ್ನೂ ಸುತ್ತಿ ತಂದಿದ್ದರು.

“ತಾಯಿ, ನಿಮ್ಮ ಕೆಲಸ ಒಂದೇ ದಿನ ಬಂತು ನೋಡಿ,” ಎಂದು ನಗುತ್ತ ಸ್ಟೂಲಿನ ಮೇಲೆ ಕುಳಿತರು.

“ರೀ,” ಎಂದು ಅವಳು ಒಳಕ್ಕೆ ಕರೆದಳು. “ಬಂದಿದ್ದಾರೆ.”

ಅವನು ಹೊರಗೆ ಬಂದ. ಬಾಳೆಲ್ಲ ಕಾದಿದ್ದ ದೃಷ್ಟಿ ಅವನ ಮೇಲೆ ನಿಂತಿತು. “ಓ, ಯಜಮಾನರು ನೀವೋ? ನನ್ನ ಹುಚ್ಚಿರೋದು ನಿಮಗೇ ತಾನೆ?”

ಹೇಳಬೇಕೆಂದು ಕೂಡಿಟ್ಟ ಮಾತುಗಳು ಎಷ್ಟೋ ಇದ್ದವು. “ಹೌದು,” ಎಂದಷ್ಟೇ ಅವನು ಹೇಳಿ ಗಾಜನ್ನು ಫ್ರೇಮಿಗೆ ಕೂರಿಸತೊಡಗಿದ. ಆಮೇಲೆ ಕಡ್ಡಿಯನ್ನು ಬಿಸಿ ಮಾಡಿ, ಬಾಗಿಸಿ, ಅವರ ಮುಖಕ್ಕೆ ಇಟ್ಟು ನೋಡಿದ. ಹೆಬ್ಬೆರಳು ಎಡಗಿವಿಯ ಹಿಂದೆ ಹೋಯಿತು. ಅವಳು ಹೇಳಿದ್ದು ದಿಟ. ಕಿವಿ ಒಂದಿಷ್ಟು ಮೇಲಿತ್ತು. ಗಾಯವೂ ಇತ್ತು.

“ನೋವಾಗುತ್ತಾ?”

“ಇಲ್ಲ. ನಿನ್ನೆ ತಾಯಿಯವರ ಕೈ ಇನ್ನೂ ಹಗುರವಾಗಿತ್ತು.” ಗಾಯಕರು ಅವಳ ಕಡೆ ತಿರುಗಿದರು. “ತಾಯಿ, ಆ ಚರಣ ಇನ್ನೊಮ್ಮೆ ಹೇಳ್ತೀರಾ? ಹಾಳೆ ಇಲ್ಲದೆ ನಂಗೆ ನೆನಪಲ್ಲೇ ನಿಲ್ತಾ ಇಲ್ಲ. ಹಾಡೇ ಹೇಳಿ.”

“ಅಯ್ಯೋ, ನನಗೆಲ್ಲಿ ಹಾಡೋಕೆ ಬರುತ್ತೆ!” ಎಂದಳು ಅವಳು. ಹೇಳುತ್ತಲೇ ಕಪಾಟಿಗೆ ಒರಗಿ ನಿಂತು, ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತ, ಎತ್ತಿಕೊಂಡಳು. ಒಂದು ಸಾಲು ಹೋಗುವಷ್ಟರಲ್ಲಿ ಗಾಯಕರೂ ಮೆಲ್ಲನೆ ದನಿ ಸೇರಿಸಿದರು. ಆ ಕಂಠ ಸೇರಿದೊಡನೆ ಅವಳದು ತಗ್ಗಿತು, ಇನ್ನೇನು ಅಡಗಲಿತ್ತು.

“ಶ್ಶ್,” ಎಂದ ಅವನು. ಒಂದು ಕೈ ಅವರ ಕಿವಿಯ ಹಿಂದೆಯೇ ಇತ್ತು. ಇನ್ನೊಂದು ಕೈಯ ಬೆರಳು ಅವರ ಮೂಗಿನ ಮುಂದೆ ಎದ್ದಿತ್ತು. “ಅವಳು ಹಾಡ್ತಾ ಇದ್ದಾಳೆ.”

ಗಾಯಕರು ಬಾಯಿ ಮುಚ್ಚಿದರು. ಹೆಂಡತಿ ಒಂದು ಗಳಿಗೆ ಅವನನ್ನೇ ನೋಡಿದಳು. ಮುಂದಿನ ಸಾಲನ್ನೂ ಹಾಡಿದಳು. ಅಷ್ಟರಲ್ಲಿ ಮೇಲಿನಿಂದ ಹಾಲು ಉಕ್ಕಿದ ವಾಸನೆ ಬಂದು, “ಅಯ್ಯೋ ನನ್ನ ಹಾಲು!” ಎಂದು ಹಾಡನ್ನು ಅಲ್ಲಿಗೇ ಬಿಟ್ಟು ಮೆಟ್ಟಿಲು ಹತ್ತಿದಳು.

ಅಂಗಡಿಯಲ್ಲಿ ಇಬ್ಬರು ಮುದುಕರು ಉಳಿದರು.

“ಇದರ ಮುಂದಿನದು ಏನು?” ಎಂದು ಗಾಯಕರು ಕೇಳಿದರು. “ನಿಮಗೆ ಗೊತ್ತೇ ಇರುತ್ತಲ್ಲ.”

“ನಂಗೆ ಗೊತ್ತಿಲ್ಲ,” ಎಂದ ಅವನು. “ಅವಳನ್ನೇ ಕೇಳ್ಬೇಕು. ಇಳಿದು ಬರ್ಲಿ, ಕೂತಿರಿ.”

ಅವನು ಬಗ್ಗಿ ಸ್ಕ್ರೂ ಬಿಗಿಸಿದ.