ಅಲ್ಲಾಡುವ ಸೈಲೆನ್ಸರ್

"ಎಲ್ಲಿ ಬಡಿಯುತ್ತೆ ಅಂತ ಗೊತ್ತಾಯ್ತಾ, ಮಾವ?" ಸೊಸೆ ಮೊಣಕಾಲೂರಿ ಬಗ್ಗಿ ಕೇಳಿದಳು.

ಕಾರಿನಡಿ ಅಂಗಾತ ಮಲಗಿದ್ದ ಮೆಕ್ಯಾನಿಕ್ ಸೈಲೆನ್ಸರಿನ ಕೊಳವೆ ಹಿಡಿದು ಅಲ್ಲಾಡಿಸಿದ. ಅದು ಜೋಲಿ ಹೊಡೆದು ಗಾಡಿಯ ತಳಕ್ಕೆ ಟಕ್ಕೆಂದು ಬಡಿಯಿತು. ಗಾಡಿಯ ಜೊತೆ ಬಂದಿದ್ದನ್ನು ಕಿತ್ತುಹಾಕಿ ಈ ದಪ್ಪ ಬಾಯಿಯದನ್ನು ತಂದು ಕೂರಿಸಿದವನು ಅವನ ಮಗ. "ಮೆಕ್ಯಾನಿಕ್ ಮಗನ ಗಾಡಿ ಬೆಕ್ಕಿನ ಮರಿ ಹಾಗೆ ಗುರ್‌ ಅಂದ್ರೆ ನಿನ್ನ ಮರ್ಯಾದೆ ಏನಾಗ್ಬೇಕಪ್ಪ?" ಎಂದು ನಕ್ಕಿದ್ದ. ಇದರ ಭಾರ ತೂಗುಹಾಕಿರೋ ಹಳೇ ರಬ್ಬರುಗಳು ತಡೆಯಲ್ಲ ಕಣೋ ಎಂದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಮಾತಿಗೆ ಮಾತು ಬೆಳೆದು ಇಬ್ಬರೂ ಮುಖ ತಿರುಗಿಸಿಕೊಂಡು ಓಡಾಡಿದರು. ಆಮೇಲೆ ಎಲ್ಲ ಸರಿಹೋಯಿತು, ಸೈಲೆನ್ಸರಿನ ಮಾತೊಂದನ್ನು ಬಿಟ್ಟು. ಮರುವರ್ಷ ಬಂದ ಜ್ವರ ಮಗನನ್ನು ಉಳಿಸಲಿಲ್ಲ.

ಈಗ ಸೊಸೆಗೆ ಮತ್ತೊಂದು ಮದುವೆ ಗೊತ್ತಾಗಿತ್ತು. ಹುಡುಗನನ್ನು ನೋಡಿ ಬಂದು, "ಒಳ್ಳೆಯವನು, ಹ್ಞೂಂ ಅನ್ನಮ್ಮ" ಎಂದವನು ಮೆಕ್ಯಾನಿಕ್ಕೇ. ಅವನ ಹೆಂಡತಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ಸೊಸೆ ಇವತ್ತು ಚೀಲ ಕಟ್ಟಿಕೊಂಡು ಹೊರಟು ನಿಂತಿದ್ದರೂ ಅತ್ತೆ ಬೆಳಿಗ್ಗೆಯಿಂದ ಕೋಣೆಯ ಬಾಗಿಲು ತೆಗೆದಿರಲಿಲ್ಲ.

ಹಿಂದಿನ ಕೊಕ್ಕೆಯ ಹತ್ತಿರ ಅವನ ಕೈ ನಿಂತಿತು. ರಬ್ಬರು ಹರಿದ ಕಡೆ ತಂತಿ ಸುತ್ತಿತ್ತು. ಅಡ್ಡಾದಿಡ್ಡಿ, ಅವಸರದ ಸುತ್ತು. ಅಪ್ಪನನ್ನು ಕೇಳಲು ಬಿಗುಮಾನ. ಮಗ ಇಲ್ಲೇ, ಹೀಗೇ ಮಲಗಿ, ತಾನೇ ಕಟ್ಟಿಕೊಂಡಿದ್ದ.

"ಯಾಕೆ ಮಾವ, ಏನಾಯ್ತು?"

"ಏನಿಲ್ಲಮ್ಮ. ತುಕ್ಕು ಕಣ್ಣಿಗೆ ಬಿತ್ತು. ಆ ಇಕ್ಕಳ ಕೊಡು."

ಅವಳು ಕೊಡಲು ಹೋಗಿ ತಂತಿಯನ್ನು ಕಂಡಳು. ಯಾರದೆಂದು ಅವಳಿಗೂ ಹೇಳಬೇಕಾಗಿರಲಿಲ್ಲ. "ಹಾಗೇ ಬಿಟ್ಬಿಡಿ. ಶಬ್ದ ನಂಗೆ ರೂಢಿಯಾಗಿದೆ."

"ದೂರದ ದಾರಿ ಕಣಮ್ಮ. ನಡುವೆ ಕಳಚಿ ಬಿದ್ರೆ?"

ತಂತಿಯನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ. ಗಟ್ಟಿ ರಬ್ಬರುಗಳನ್ನು ತೊಡಿಸಿದ. ಜೋಡಣೆಯ ಪಟ್ಟಿ ಸಡಿಲಿಸಿ ಕೊಳವೆಯನ್ನು ಕೊಂಚ ತಿರುಗಿಸಿ, ಸುತ್ತಲೂ ಬೆರಳು ಆಡುವಷ್ಟು ಜಾಗ ಬಿಟ್ಟು ಮತ್ತೆ ಬಿಗಿದ. ಇಂಜಿನ್ ಚಾಲೂ ಮಾಡಿಸಿ, ಬಟ್ಟೆ ಸುತ್ತಿದ ಕೈಯಿಂದ ತಳ್ಳಿ ನೋಡಿದ. ತುಸು ತೂಗಿ ತನ್ನ ಜಾಗಕ್ಕೆ ಬಂತೇ ಹೊರತು ಎಲ್ಲೂ ತಾಗಲಿಲ್ಲ.

ಸೊಸೆ ಇಳಿದು ಒಳಗೆ ಹೋಗಿ ಕೋಣೆಯ ಬಾಗಿಲು ತಟ್ಟಿದಳು. "ಅತ್ತೆ, ಹೊರಡ್ತೀನಿ." ಸ್ವಲ್ಪ ಕಾದಳು. ಬಾಗಿಲು ತೆರೆಯಲಿಲ್ಲ. ಕಣ್ಣೊರೆಸಿಕೊಂಡು ಬಂದು ಮಾವನ ಮಸಿಗೈಯನ್ನೇ ಹಿಡಿದುಕೊಂಡಳು.

"ನಾನು ಬರ್ತಾ ಇರ್ತೀನಿ, ಮಾವ."

"ಆ ಮನೇನೂ ನಿಂದೇ ಅಂದ್ಕೋ. ಹುಷಾರು."

ಗಾಡಿ ತಿರುವು ದಾಟಿತು. ಅವನು ಸಾಮಾನುಗಳನ್ನು ಒಂದೊಂದಾಗಿ ಒರೆಸಿ ಡಬ್ಬಿಗೆ ಹಾಕುತ್ತಿದ್ದಾಗ ಹೆಂಡತಿ ಹೊರಗೆ ಬಂದಳು. ಕೈಯಲ್ಲಿ ಸೊಸೆಯ ಸ್ವೆಟರು.

"ಎಲ್ಲಿ ಅವಳು? ಗಾಡಿ ಎಲ್ಲಿ?"

"ಹೊರಟಳಲ್ಲೇ, ಆಗಲೇ."

"ಸುಳ್ಳು. ಟಕಟಕ ಅಂತ ಕೇಳಿಸ್ಲೇ ಇಲ್ಲ." ಅವಳು ಖಾಲಿ ಬೀದಿಯನ್ನು ನೋಡಿದಳು. "ಅದು ಕೇಳಿಸಿದ ಕೂಡಲೇ ಓಡಿ ಬರೋಣ ಅಂತ ಬಾಗಿಲ ಹಿಂದೇನೇ ನಿಂತಿದ್ದೆ. ಒಂದು ಗಾಡಿ ಹೋಯ್ತು… ಬೇರೆ ಯಾರದೋ ಅಂದ್ಕೊಂಡೆ."

ಅವಳು ಅಲ್ಲೇ ಬಿದ್ದಿದ್ದ ಹಳೆಯ ಟೈರಿನ ಮೇಲೆ ಕುಳಿತು, ಸ್ವೆಟರನ್ನು ಮಡಿಲಲ್ಲಿ ಹರಡಿಕೊಂಡು, ಅದರ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕತೊಡಗಿದಳು.