ಈಗ ಓದುತ್ತಿರುವವರು

“ನಿಮ್ಮ ಫೋನ್ ಬೇಡ, ಒಳಗಿಡಿ,” ಅಂದಳು ವೆಬ್‌ಸೈಟ್ ಪರೀಕ್ಷೆ ಮಾಡಲು ಬಂದ ಹೆಂಗಸು. “ಅದು ಮನೆಯವರ ಥರ. ನಿಮಗೆ ಏನು ಇಷ್ಟ ಅಂತ ಗೊತ್ತಿರತ್ತೆ, ಅದನ್ನೇ ಮುಂದೆ ತಂದಿಡತ್ತೆ.”

ಮಾವ ಚಾಚಿದ್ದ ಕೈಯನ್ನು ಹಿಂದಕ್ಕೆಳೆದುಕೊಂಡರು. ಅವರ ಫೋನಿನಲ್ಲಿ ಹುಡುಕಿದರೆ ಅಂಗಡಿಯ ಹೆಸರು ಎಲ್ಲಕ್ಕಿಂತ ಮೇಲಿರುತ್ತಿತ್ತು. ಒಂದೂವರೆ ವರ್ಷದಿಂದ ಅದು ಆ ಜಾಗ ಬಿಟ್ಟು ಅಲುಗಿರಲಿಲ್ಲ. ಪ್ರತಿದಿನ ಶಟರ್ ಎತ್ತುವ ಮೊದಲು ಮಾವ, ಅವರ ಇಬ್ಬರು ಮಕ್ಕಳು, ಕಿರಿಸೊಸೆ, ನಾಲ್ವರೂ ಬಾಗಿಲಲ್ಲಿ ನಿಂತು ತಮ್ಮ ತಮ್ಮ ಫೋನಿನಲ್ಲಿ ಅಂಗಡಿಯ ಹೆಸರು ಹಾಕಿ ಹುಡುಕಬೇಕು, ಒತ್ತಿ ಒಳಗೆ ಹೋಗಬೇಕು. ಇದು ಮಾವನ ಕಟ್ಟಪ್ಪಣೆ. ಜ್ವರ ಬಂದು ಮಲಗಿದರೂ ಬಿಡುವಂತಿರಲಿಲ್ಲ. “ನಾವೇ ಹುಡುಕದಿದ್ರೆ ಊರವರು ಯಾಕೆ ಹುಡುಕ್ತಾರೆ?” ಎಂಬುದು ಅವರ ವಾದ.

ಗಾಲಿಕುರ್ಚಿ ರಿಪೇರಿ ಮಾಡುವ ಅಂಗಡಿ ಅದು. ವೆಬ್‌ಸೈಟ್ ಮಾಡಿದ್ದು ಹಿರಿಯ ಮಗ, ಅಂದರೆ ಕಿರಿಸೊಸೆಗೆ ಭಾವ. ಮೊದಲ ಪುಟ ತೆರೆದರೆ ಒಂದು ದೊಡ್ಡ ಚಿತ್ರ. ಹೊಂಬಣ್ಣದ ಅಕ್ಷರಗಳಲ್ಲಿ ಅಂಗಡಿಯ ಹೆಸರು, ವಿಳಾಸ, ಫೋನ್ ನಂಬರು, ಹಿಂದೆ ಸೂರ್ಯೋದಯ. ಸೂರ್ಯೋದಯಕ್ಕೂ ಗಾಲಿಕುರ್ಚಿಗೂ ಏನು ಸಂಬಂಧ ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಆ ಸೈಟಿನ ಮೂಲೆಯಲ್ಲಿ ಕಿರಿಸೊಸೆಯದೂ ಒಂದು ಪುಟವಿತ್ತು, ಕಳೆದ ಭಾನುವಾರದವರೆಗೆ. ಅಂಗಡಿಯಲ್ಲಿ ಮುಂದಿನ ಸಣ್ಣ ಚಕ್ರಗಳ ಕೆಲಸ ಅವಳದು. ಚಕ್ರ ತಿರುಗುತ್ತಿಲ್ಲ ಎಂದು ಬರುವ ಹತ್ತು ಕುರ್ಚಿಗಳಲ್ಲಿ ಎಂಟಕ್ಕೆ ಬೇರೆ ಯಾವ ರೋಗವೂ ಇರುವುದಿಲ್ಲ; ಅಚ್ಚಿಗೆ ಕೂದಲು, ದಾರ ಸುತ್ತಿಕೊಂಡಿರುತ್ತದೆ, ಅಷ್ಟೆ. ಅಷ್ಟಕ್ಕಾಗಿ ಅದರಲ್ಲಿ ಕೂತವರನ್ನು ಮಂಚದ ಮೇಲೆ ಮಲಗಿಸಿ, ಎರಡು ಬಸ್ಸು ಬದಲಿಸಿ, ಕುರ್ಚಿ ಹೊತ್ತು ತರುವವರನ್ನು ನೋಡಿದರೆ ಅವಳಿಗೆ ಸಂಕಟವಾಗುತ್ತಿತ್ತು. ಮನೆಯಲ್ಲೇ ಅದನ್ನು ಬಿಚ್ಚಿ ಜೋಡಿಸುವ ಬಗೆಯನ್ನು ಒಂಬತ್ತು ಹಂತ ಮಾಡಿ ಬರೆದು ಹಾಕಿದ್ದಳು. ಕೆಳಗೆ ಜನ ಪ್ರಶ್ನೆ ಕೇಳುತ್ತಿದ್ದರು, ಅವಳು ಬಿಡುವಾದಾಗ ಉತ್ತರ ಬರೆಯುತ್ತಿದ್ದಳು.

ಭಾವನಿಗೆ ಅದು ಮೊದಲಿನಿಂದಲೂ ಹಿಡಿಸಿರಲಿಲ್ಲ. “ನಾವೇ ಪಾಠ ಹೇಳಿಕೊಟ್ರೆ ಅಂಗಡಿಗೆ ಯಾರಮ್ಮ ಬರ್ತಾರೆ?” ಎನ್ನುತ್ತಿದ್ದರು. ಗಿರಾಕಿ ಹೆಚ್ಚಲೆಂದು ಮಾವ ಪರೀಕ್ಷೆಯವಳನ್ನು ಕರೆಸಿದ್ದಾರೆ ಎಂದು ಗೊತ್ತಾದ ಮೇಲೆ, ನೆಂಟರು ಬರುವ ಮನೆಯಲ್ಲಿ ಹಳೆಯ ಚಾಪೆ ಬಚ್ಚಿಡುವ ಹಾಗೆ, ಭಾನುವಾರ ಕೂತು ಸೈಟನ್ನು ಚೊಕ್ಕಟ ಮಾಡಿದರು. ಮೊದಲು ಹೋದದ್ದೇ ಅವಳ ಪುಟ. “ಕೂದಲು, ಕೊಳೆ ಅಂತ ಬರ್ಕೊಂಡ್ರೆ ಮರ್ಯಾದೆ ಇರತ್ತಾ?” ಎಂದಷ್ಟೇ ಹೇಳಿದರು. ಸಾಮಾನು ತರಲು ಪರವೂರಿಗೆ ಹೋದ ಗಂಡ ಬಂದ ಮೇಲೆ ಹೇಳೋಣ ಎಂದು ಅವಳು ಅಂದುಕೊಂಡಳು. ಅವನು ಇನ್ನೂ ಬಂದಿರಲಿಲ್ಲ.

ಇವತ್ತು ಬುಧವಾರ. ಪರೀಕ್ಷೆಯವಳು ಚೀಲದಿಂದ ಒಂದು ಗೀಟಿನ ಪುಸ್ತಕ ತೆಗೆದಳು. ಎರಡು ದಿನ ಬಸ್ ನಿಲ್ದಾಣದಲ್ಲಿ, ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು, ಗುರುತಿಲ್ಲದವರ ಫೋನ್ ಕೇಳಿ ಪಡೆದು ಹುಡುಕಿದ್ದಳಂತೆ. ಒಟ್ಟು ಇಪ್ಪತ್ಮೂರು ಫೋನು.

“ನಮ್ಮ ಹೆಸರು ಹಾಕಿದ್ರಾ?” ಎಂದರು ಮಾವ.

“ನಿಮ್ಮ ಹೆಸರು ಅವರಿಗೆ ಗೊತ್ತಿಲ್ವಲ್ಲ ಯಜಮಾನರೇ. ಕಷ್ಟದಲ್ಲಿರೋರು ಕಷ್ಟಾನೇ ಬರೀತಾರೆ. ‘ವೀಲ್‌ಚೇರ್ ಚಕ್ರ ತಿರುಗ್ತಿಲ್ಲ’ ಅಂತ. ಹಾಗೆ ಹುಡುಕಿದ್ರೆ ನಿಮ್ಮ ಮೊದಲ ಪುಟ ಸರ್ಚಿನ ಐದನೇ ಪೇಜಿನಲ್ಲಿದೆ. ಅಲ್ಲೀತನಕ ಯಾರೂ ಹೋಗಲ್ಲ.”

ಭಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು. “ಅಷ್ಟು ಚೆನ್ನಾಗಿ ಮಾಡಿದೀನಿ ಮೇಡಂ.”

“ಚೆನ್ನಾಗೇ ಇದೆ. ಆದ್ರೆ ಎಲ್ಲಾನೂ ಚಿತ್ರದೊಳಗೆ ಬರೆದುಬಿಟ್ಟಿದೀರಿ. ನಮ್ಮ ಕಣ್ಣಿಗೆ ಅದು ಅಕ್ಷರ, ಸರ್ಚ್‌ಗೆ ಬರೀ ಬಣ್ಣ. ಅಲ್ಲಿ ಏನು ಬರೆದಿದೆ ಅಂತಾನೇ ಅದಕ್ಕೆ ಗೊತ್ತಾಗ್ತಿಲ್ಲ.” ಆಕೆ ಹಾಳೆ ತಿರುವಿದಳು. “ಇನ್ನೊಂದು ವಿಷಯ. ನಿಮ್ಮ ಸೈಟಿಗೆ ಯಾವಾಗ ಎಷ್ಟು ಜನ ಬಂದ್ರು ಅನ್ನೋ ಲೆಕ್ಕಾನೂ ನೋಡಿದೆ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ ನಾಲ್ಕು ಜನ ಒಟ್ಟಿಗೆ ಬರ್ತಾರೆ, ಅರ್ಧ ನಿಮಿಷ ಇದ್ದು ಹೋಗ್ತಾರೆ. ಯಾರು ಅವರು?”

“ನಾವೇ,” ಅಂದರು ಮಾವ. ಹೇಳುವಾಗ ಹೆಮ್ಮೆಯಿತ್ತು, ಹೇಳಿ ಮುಗಿಸುವಷ್ಟರಲ್ಲಿ ಇಲ್ಲವಾಯಿತು.

ಪರೀಕ್ಷೆಯವಳು ನಗಲಿಲ್ಲ. ಈ ಉತ್ತರವನ್ನು ಆಕೆ ಬೇರೆ ಅಂಗಡಿಗಳಲ್ಲೂ ಕೇಳಿದ್ದಿರಬೇಕು. “ಉಳಿದವರೆಲ್ಲ ಬರೋದು ಬೇರೆ ಪುಟಕ್ಕೆ,” ಅಂದಳು. “ಮುಂದಿನ ಚಕ್ರ ಮನೇಲೇ ಸರಿಮಾಡೋ ಪುಟ. ಇಪ್ಪತ್ಮೂರು ಫೋನಲ್ಲಿ ಹದಿನಾಲ್ಕರಲ್ಲಿ ಅದೇ ಮೊದಲು. ದಿನಕ್ಕೆ ಅರವತ್ತು ಎಪ್ಪತ್ತು ಜನ. ಒತ್ತಿದ್ರೆ ಮಾತ್ರ ‘ಪುಟ ಇಲ್ಲ’ ಅಂತ ಬರತ್ತೆ. ಭಾನುವಾರ ಮಧ್ಯಾಹ್ನದಿಂದ ಬಂದವರೆಲ್ಲ ಬಾಗಿಲು ತಟ್ಟಿ ವಾಪಸ್ ಹೋಗ್ತಿದಾರೆ.”

ಕಿರಿಸೊಸೆ ಕೈಯಲ್ಲಿದ್ದ ಸ್ಪ್ಯಾನರನ್ನು ಮೇಜಿನ ಮೇಲಿಟ್ಟಳು. ಭಾವ ಗೋಡೆ ನೋಡತೊಡಗಿದರು.

“ಆ ಲೆಕ್ಕದಲ್ಲೇ ಒಂದು ಫೋನ್ ನೋಡಿ. ಭಾನುವಾರ ಬಂದಾಗ ಪುಟ ಇತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ಬಂದಾಗ ಇಲ್ಲ. ಆಮೇಲೆ ಹನ್ನೊಂದು ಸಲ ಬಂದಿದೆ. ಇವತ್ತು ಬೆಳಿಗ್ಗೇನೂ ಬಂದಿತ್ತು.”

ಕಿರಿಸೊಸೆಗೆ ನೆನಪಾಯಿತು. ಶನಿವಾರ ಸಂಜೆ ಒಬ್ಬರು ಬರೆದಿದ್ದರು: ಅಮ್ಮನ ಕುರ್ಚಿ ಅಡುಗೆಮನೆಯ ಹೊಸ್ತಿಲಲ್ಲೇ ನಿಂತುಬಿಡುತ್ತದೆ, ನಾಳೆ ರಜೆ, ನೀವು ಹೇಳಿದ ಹಾಗೆ ಬಿಚ್ಚಿ ನೋಡುತ್ತೇನೆ. ಧೈರ್ಯವಾಗಿ ಬಿಚ್ಚಿ ಎಂದು ಇವಳೇ ಉತ್ತರ ಕೊಟ್ಟಿದ್ದಳು.

“ಐದನೇ ಹಂತದಲ್ಲಿ ಚಕ್ರ ಕಳಚಿ ಕೈಗೆ ಬರತ್ತೆ,” ಅಂದಳು. “ವಾಷರ್ ಯಾವ ಕ್ರಮದಲ್ಲಿ ಹಾಕಬೇಕು ಅನ್ನೋದು ಎಂಟನೇದರಲ್ಲಿದೆ. ತಪ್ಪಿದ್ರೆ ಚಕ್ರ ಕೂರಲ್ಲ. ಬಿಚ್ಚಿಟ್ಕೊಂಡು ಕೂತಿದಾರೆ ಭಾವ. ಮೂರು ದಿನದಿಂದ ಅವರಮ್ಮ ಎಲ್ಲಿದ್ದಾರೋ ಅಲ್ಲೇ ಇದ್ದಾರೆ.”

“ನಂಬರ್ ಇತ್ತಲ್ಲ, ಒಂದು ಫೋನ್ ಮಾಡಬಹುದಿತ್ತಲ್ಲ,” ಅಂದರು ಭಾವ.

“ನಂಬರೂ ಚಿತ್ರದಲ್ಲೇ ಇದೆ,” ಅಂದಳು ಪರೀಕ್ಷೆಯವಳು. “ಅದು ಹಳೇ ಫೋನು. ಅಷ್ಟು ದೊಡ್ಡ ಚಿತ್ರ ಅದರಲ್ಲಿ ತೆರೆಯಲ್ಲ. ಬರೀ ಬಿಳಿ ಚೌಕ ಕಾಣ್ಸತ್ತೆ.”

ಭಾವ ಎದ್ದು ಕಂಪ್ಯೂಟರಿನ ಮುಂದೆ ಕೂತರು. ತಿರುಗಿ ನೋಡದೆ, “ಬರೆದಿಟ್ಟಿದೀಯಾ ಅದನ್ನ?” ಎಂದು ಕೇಳಿದರು.

ಬರೆದಿಟ್ಟಿದ್ದಳು. ಗ್ರೀಸಿನ ಡಬ್ಬಿಗಳ ಹಿಂದಿನಿಂದ ನೋಟ್‌ಬುಕ್ ತೆಗೆದಳು. ಅವಳು ಓದುತ್ತ ಹೋದಳು, ಭಾವ ಟೈಪ್ ಮಾಡುತ್ತ ಹೋದರು. “ಆ ಪುಟದ ಹಳೇ ವಿಳಾಸದಲ್ಲೇ ಹಾಕಿ,” ಎಂದು ಪರೀಕ್ಷೆಯವಳು ಹಿಂದಿನಿಂದ ಹೇಳಿದಳು, “ಬೇರೆ ಕಡೆ ಹಾಕಿದ್ರೆ ಬಂದವರಿಗೆ ಮತ್ತೆ ಗೋಡೇನೇ ಸಿಗೋದು.” ಆರನೆಯ ಹಂತಕ್ಕೆ ಭಾವನ ಕೈ ನಿಂತಿತು.

“ಕ್ರೋಶಾ ಕಡ್ಡಿಯಿಂದ ಕೂದಲು ಎಳೀಬೇಕಾ?”

“ಹೂಂ. ಕತ್ತರಿ ಹಾಕಿದ್ರೆ ಒಳಗೇ ಉಳಿಯತ್ತೆ.”

“ನಾನು ಇದನ್ನ ಓದೇ ಇರಲಿಲ್ಲ,” ಅಂದರು ಭಾವ, ಮತ್ತೆ ಟೈಪ್ ಮಾಡಿದರು. ಒಂಬತ್ತೂ ಮುಗಿದ ಮೇಲೆ, ಯಾರೂ ಹೇಳದೆಯೇ, ಪುಟದ ತಲೆಯಲ್ಲಿ ಅಂಗಡಿಯ ನಂಬರನ್ನು ಬರೀ ಅಕ್ಷರದಲ್ಲಿ ಬರೆದರು.

ಪುಟ ತೆರೆದುಕೊಂಡಿತು. ಪರೀಕ್ಷೆಯವಳು ಪರದೆಯ ಪಕ್ಕದಲ್ಲಿ ಒಂದು ಸಣ್ಣ ಚೌಕ ತೋರಿಸಿದಳು. ‘ಈಗ ಓದುತ್ತಿರುವವರು’ ಎಂದಿತ್ತು, ಮುಂದೆ ಸೊನ್ನೆ. ಮಾವನ ಬೆರಳು ಅಭ್ಯಾಸದಂತೆ ಫೋನಿನ ಕಡೆ ಹೋಯಿತು. ಅವರೇ ತಡೆದುಕೊಂಡರು. ನಟ್ಟು ಬೋಲ್ಟುಗಳ ತಟ್ಟೆಯನ್ನು ಖಾಲಿ ಮಾಡಿ, ತಮ್ಮ ಫೋನ್ ಅದರಲ್ಲಿಟ್ಟರು. “ನಿಮ್ಮದೂ ಹಾಕಿ. ಯಾರೂ ಮುಟ್ಟಬೇಡಿ.”

ಹನ್ನೆರಡೂ ಕಾಲಿಗೆ ಸೊನ್ನೆ ಇದ್ದಲ್ಲಿ ಒಂದು ಬಂತು.

“ಅದೇ ಫೋನು,” ಅಂದಳು ಪರೀಕ್ಷೆಯವಳು.

ಒಂದು ಒಂದಾಗಿಯೇ ಇತ್ತು. ಐದು ನಿಮಿಷ, ಹತ್ತು ನಿಮಿಷ. ನಾಲ್ವರೂ ಆ ಅಂಕಿಯನ್ನು ಎವೆಯಿಕ್ಕದೆ ನೋಡುತ್ತಿದ್ದರು. ಕಿರಿಸೊಸೆಯ ಕೈಗಳು ಮಡಿಲಲ್ಲಿ ತಾವಾಗಿಯೇ ಆಡುತ್ತಿದ್ದವು. ಈಗ ದೊಡ್ಡ ವಾಷರು. ಈಗ ಸಣ್ಣದು, ಉಬ್ಬು ಹೊರಗೆ. ಈಗ ನಟ್ಟು, ಪೂರ್ತಿ ಬಿಗಿಯಬೇಡಿ, ಕಾಲು ಸುತ್ತು ಹಿಂದಕ್ಕೆ. ಹನ್ನೆರಡೂ ಮೂವತ್ತೇಳಕ್ಕೆ ಅಂಕಿ ಮತ್ತೆ ಸೊನ್ನೆಯಾಯಿತು.

ಭಾವ ಕುರ್ಚಿಗೆ ಒರಗಿದರು. ಸೊನ್ನೆಯನ್ನು ಕಂಡು ಅವರು ಅಷ್ಟು ನಿರಾಳವಾಗಿ ಉಸಿರು ಬಿಟ್ಟದ್ದನ್ನು ಅವಳು ಎಂದೂ ನೋಡಿರಲಿಲ್ಲ.

“ಹೋದ್ರಾ?” ಅಂದರು ಮಾವ. “ಮತ್ತೆ ಬರ್ತಾರಾ?”

“ಬರಬಾರ್ದು ಮಾವ,” ಅಂದಳು ಕಿರಿಸೊಸೆ. ಮೇಜಿನ ಮೇಲೆ ಅರ್ಧ ಬಿಚ್ಚಿದ್ದ ಚಕ್ರವನ್ನು ಹತ್ತಿರ ಎಳೆದುಕೊಂಡು, ಕಡ್ಡಿಯಿಂದ ಒಂದೊಂದೇ ಎಳೆ ಬೂದುಗೂದಲನ್ನು ಹೊರಗೆ ತೆಗೆಯತೊಡಗಿದಳು.